ಅಕ್ಕನಿಗೆ ನಾನು ಆರಿಸಿಕೊಟ್ಟ ಕೋರ್ಸ್

ಅಕ್ಕನ ಫೋನಿನಲ್ಲಿ ನಾಲ್ಕು ನಿಮಿಷದ ಒಂದು ವಿಡಿಯೊ ಇದೆ. ಅದರಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ. ಟ್ಯಾಕ್ಸಿಯ ಮುಂದಿನ ಗಾಜು, ಅದರಾಚೆ ಬೂದಿ ಕಲಸಿದ ಹಾಲಿನಂಥ ಬೆಳಕು, ಅತ್ತಿತ್ತ ಹೊರಳುವ ವೈಪರ್. ಕೇಳಿಸುವುದು ಮಾತ್ರ ಸ್ಪಷ್ಟವಾಗಿದೆ. ಫೋನಿನ ಸ್ಪೀಕರಿನಲ್ಲಿ ಒಬ್ಬ ಗಂಡಸು ಗಾಡಿ ನಿಲ್ಲಿಸಿ ಎನ್ನುತ್ತಾನೆ. ಟ್ಯಾಕ್ಸಿಯ ಚಾಲಕರು ಇಲ್ಲಿ ನಿಲ್ಲಿಸುವಂತಿಲ್ಲ ಎನ್ನುತ್ತಾರೆ. ಆಮೇಲೆ ಹಿಂದಿನ ಸೀಟಿನಿಂದ ಒಂದು ಹೆಂಗಸಿನ ದನಿ ನಯವಾಗಿ ಮಾತಾಡಿ ಅವರನ್ನು ಒಪ್ಪಿಸುತ್ತದೆ. ಆ ದನಿ ನನ್ನದು.

ಆ ಚಾಲಕರ ಲೈಸೆನ್ಸ್ ಉಳಿಯುವುದೋ ಹೋಗುವುದೋ ಎಂಬುದು ಈ ವಿಡಿಯೊ ಮೇಲೆ ನಿಂತಿತ್ತು. ಅದನ್ನು ಪೊಲೀಸರಿಗೆ ಕೊಡುವುದೋ ಬೇಡವೋ ಎಂದು ನಮ್ಮಲ್ಲಿ ಒಂಬತ್ತು ದಿನ ಮಾತು ನಡೆಯಿತು. ಬೇಡವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಬೇಕು ಎಂದೂ ನಾನು ಹೇಳಲಿಲ್ಲ.

ಇದೆಲ್ಲ ಶುರುವಾಗಿದ್ದು ನಾನು ತಯಾರಿಸಿದ ಒಂದು ಎಕ್ಸೆಲ್ ಹಾಳೆಯಿಂದ.

ಅಕ್ಕ ಇರುವುದು ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಫ್ಲ್ಯಾಟಿನಲ್ಲಿ. ಭಾವ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಮಡಿಕೇರಿಯಲ್ಲಿ ಹುಟ್ಟಿ ಬೆಳೆದ ಅಕ್ಕ ಮದುವೆಯಾಗಿ ಬಂದಾಗಿನಿಂದ ಈ ಊರಿನಲ್ಲೇ ಇದ್ದಾಳೆ. ಅವಳಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳಾದ ನಾನು ಓದು ಮುಗಿಸಿ ಬಂದು, ಮಾನೇಸರ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಭಾನುವಾರಗಳಂದು ಅಕ್ಕನ ಮನೆ ಊಟ.

ಸರ್ಕಾರಿ ನೌಕರರಿಗೆ ಕೆಲವು ವರ್ಷಗಳಿಗೊಮ್ಮೆ ಎಲ್‌ಟಿಸಿ ಎಂಬ ಪ್ರವಾಸದ ಸವಲತ್ತು ಸಿಗುತ್ತದೆ. ಮನೆಮಂದಿಯ ಟಿಕೆಟ್ಟಿನ ಖರ್ಚನ್ನು ಇಲಾಖೆಯೇ ಕೊಡುತ್ತದೆ. ಭಾವನಿಗೆ ಅದು ತುಂಬಬೇಕಾದ ಒಂದು ಫಾರಂ. ರೈಲು ಟಿಕೆಟ್ಟಿನ ಮೂರು ಜೆರಾಕ್ಸ್ ಇಟ್ಟುಕೊಂಡರೆ ಅವರ ಪ್ರವಾಸ ಮುಗಿಯುತ್ತಿತ್ತು. ಅಕ್ಕನಿಗೆ ಹಾಗಲ್ಲ. ಪ್ರತಿ ಹೊಸವರ್ಷಕ್ಕೆ ಭಾವ ಆಫೀಸಿನಿಂದ ತರುತ್ತಿದ್ದ ಡೈರಿಯ ಹಿಂದಿನ ಹಾಳೆಗಳಲ್ಲಿ ಅವಳು ಹೋದ ಊರುಗಳನ್ನು ಬರೆದಿಡುತ್ತಿದ್ದಳು. ಒಂದು ಕಡೆ ಹೀಗಿದೆ: "ಗುವಾಹಟಿ ಸ್ಟೇಷನ್ನಿನಲ್ಲಿ ಚಹಾ ಕೊಟ್ಟವಳ ಕೈಬಳೆ ನಮ್ಮಮ್ಮನದರ ಹಾಗೇ ಇತ್ತು. ಎಲ್ಲಿ ತೆಗೊಂಡೆ ಅಂತ ಕೇಳಿದೆ. ನನ್ನ ಹಿಂದಿ ಅವಳಿಗೆ ತಿಳಿಯಲಿಲ್ಲ. ಬಿಚ್ಚಿ ನನ್ನ ಕೈಗೆ ಹಾಕಿ ನೋಡಿದಳು. ರೈಲು ಹೊರಟಿತು, ಬಿಚ್ಚಿಕೊಟ್ಟೆ." ಅಷ್ಟೇ. ಹೋದ ವರ್ಷದವರೆಗೆ ಇದನ್ನು ಓದಿದ್ದವಳು ನಾನೊಬ್ಬಳೇ.

ಈ ವರ್ಷವೇ ಭಾವನ ನಿವೃತ್ತಿ. ಮನೆ ಖಾಲಿ ಮಾಡಬೇಕು, ಎಲ್‌ಟಿಸಿಯೂ ಮುಗಿಯುತ್ತದೆ. ಹೋದ ಮಳೆಗಾಲದ ಒಂದು ಭಾನುವಾರ ಅಕ್ಕ ಹುರುಳಿಕಾಯಿ ಮುರಿಯುತ್ತಾ ಹೇಳಿದಳು.

"ಟ್ರಾವೆಲ್ ಬ್ಲಾಗ್ ಅಂತಾರಲ್ಲ, ಅದನ್ನ ಆನ್‌ಲೈನಲ್ಲಿ ಕಲಿಸ್ತಾರಂತೆ. ಒಂದು ಒಳ್ಳೇದು ನೋಡಿಕೊಡು. ಈ ಮನೆ ಬಿಡೋದರೊಳಗೆ ನಾಲ್ಕು ಜನ ಓದೋ ಹಾಗೆ ಒಂದಾದರೂ ಬರೀಬೇಕು."

"ನಾನು ಓದ್ತೀನಲ್ಲ."

"ನೀನು ನನ್ನ ತಂಗಿ. ಉಪ್ಪು ಕಮ್ಮಿ ಆದರೂ ಚೆನ್ನಾಗಿದೆ ಅಂತೀಯ."

ಪೇಪರ್ ಹಿಂದಿನಿಂದ ಭಾವ, "ಮೊದಲು ನಿಜವಾಗಲೂ ಉಪ್ಪು ನೋಡಿ ಹಾಕು" ಎಂದರು.

ನಮ್ಮ ಕಾರ್ಖಾನೆಯಲ್ಲಿ ಹೊಸಬರಿಂದ ಒಂದು ವಾಷರ್ ಕೊಳ್ಳಬೇಕಾದರೂ ಪದ್ಧತಿ ಇದೆ. ಹಾಳೆಯಲ್ಲಿ ಅಂಕಣ ಹಾಕಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತೇವೆ. ಆಮೇಲೆ ಅವರ ಶೆಡ್ಡಿಗೇ ಹೋಗುತ್ತೇವೆ. ಬೆಂಕಿ ಆರಿಸುವ ಸಿಲಿಂಡರ್ ತುಂಬಿದೆಯೇ, ಹೊರಗೋಡುವ ಬಾಗಿಲಿಗೆ ಪೆಟ್ಟಿಗೆ ಒಟ್ಟಿದ್ದಾರೆಯೇ ನೋಡುತ್ತೇವೆ. ಪ್ರೆಸ್ ಯಂತ್ರವನ್ನು ಎರಡೂ ಕೈಯಿಂದ ಎರಡು ಗುಂಡಿ ಒತ್ತಿಯೇ ನಡೆಸಬೇಕು, ಕೈ ಒಳಗೆ ಉಳಿಯದಿರಲಿ ಎಂದು. ಒಂದು ಕಡೆ ಒಂದು ಗುಂಡಿಯನ್ನು ಟೇಪಿನಿಂದ ಒತ್ತಿಹಿಡಿದು ಕಟ್ಟಿದ್ದರು. ಅಲ್ಲಿಂದ ನಾನು ಚಹಾ ಸಹ ಕುಡಿಯದೆ ಎದ್ದು ಬಂದಿದ್ದೆ. ಇದನ್ನು ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ.

ಅಕ್ಕನ ಕೋರ್ಸಿಗೂ ಅಂಥದೇ ಹಾಳೆ ತಯಾರಿಸಿದೆ. ಪಾಠಪಟ್ಟಿ, ಕಲಿಸುವವರ ಅನುಭವ, ಬರೆದದ್ದನ್ನು ಎಷ್ಟು ದಿನದಲ್ಲಿ ತಿದ್ದಿಕೊಡುತ್ತಾರೆ, ಹಣ ವಾಪಸಾಗುತ್ತದೆಯೇ, ಹಿಂದೆ ಕಲಿತವರ ಅಭಿಪ್ರಾಯ, ಪ್ರಾಯೋಗಿಕ ಅಭ್ಯಾಸ. ಕೊನೆಗೆ ಮೂರು ಕೋರ್ಸ್ ಉಳಿದವು.

ಮೊದಲನೆಯದು ತಿಂಗಳೊಳಗೆ ಸಂಪಾದನೆ ಎನ್ನುತ್ತಿತ್ತು. ಅದರ ಪುಟದಲ್ಲಿ ಕೆಂಪು ಗಡಿಯಾರವೊಂದು, ಇನ್ನು ಹತ್ತೇ ನಿಮಿಷ ರಿಯಾಯಿತಿ ಎಂದು ಇಳಿಯುತ್ತಿತ್ತು. ಪುಟ ಮುಚ್ಚಿ ತೆರೆದರೆ ಮತ್ತೆ ಹತ್ತೇ ನಿಮಿಷ. ಅಕ್ಕ ನಾಲ್ಕು ಸಲ ಮುಚ್ಚಿ ತೆರೆದು ನಕ್ಕಳು. "ನಮ್ಮ ಕಾಲೋನಿ ಪಂಪ್‌ಹೌಸಿನವನ ಹಾಗೆ. ನೀರು ಯಾವಾಗ ಅಂತ ಕೇಳಿದರೂ ಬಸ್ ದಸ್ ಮಿನಟ್, ಹತ್ತೇ ನಿಮಿಷ."

ಎರಡನೆಯದನ್ನು ನಡೆಸುತ್ತಿದ್ದವರು ದೆಹಲಿಯಲ್ಲೇ ಹೌಜ್ ಖಾಸ್ ಕಡೆಯ ಒಬ್ಬ ವಯಸ್ಸಾದ ಹೆಂಗಸು. ವೆಬ್‌ಸೈಟು ಹಳೆಯದು, ಅಕ್ಷರಗಳು ಒಂದರ ಮೇಲೊಂದು ಕೂತಿದ್ದವು. ವಿಡಿಯೊ ಇಲ್ಲ, ಸರ್ಟಿಫಿಕೇಟ್ ಇಲ್ಲ. ವಾರಕ್ಕೊಂದು ಪುಟ ಬರೆದು ಕಳಿಸಬೇಕು, ಅವರು ತಿದ್ದಿ ಕಳಿಸುತ್ತಾರೆ. ಮೊದಲ ಪಾಠ: ನಿಮ್ಮ ಬೀದಿಯ ಬಗ್ಗೆ ಒಂದು ಪುಟ ಬರೆಯಿರಿ, ಊರಿನ ಹೆಸರು ಹೇಳಬೇಡಿ. ಅಕ್ಕ ಅದನ್ನು ಎರಡು ಸಲ ಓದಿದಳು.

"ಇದು ಚೆನ್ನಾಗಿದೆ ಕಣೆ."

"ಅಕ್ಕ, ಒಂದು ರಿವ್ಯೂ ಇಲ್ಲ. ನಿನ್ನ ಬೀದಿ ಬಗ್ಗೆ ಬರೆಯೋಕೆ ಕೋರ್ಸ್ ಬೇಕಾ? ಹತ್ತಕ್ಕೆ ಮೂರು."

"ನಿನ್ನ ಫ್ಯಾಕ್ಟರಿ ಲೆಕ್ಕಕ್ಕೆ ಮೂರು."

"ಚಲೋ, ನಾಲ್ಕು ಹಾಕ್ತೀನಿ."

ಮೂರನೆಯದಕ್ಕೆ ನನ್ನ ಹಾಳೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿತ್ತು. ಚಿಕ್ಕ ತಂಡ, ವಾರಕ್ಕೆರಡು ನೇರ ತರಗತಿ, ಎರಡು ದಿನದಲ್ಲಿ ತಿದ್ದಿದ ಬರಹ ವಾಪಸು. ಕಲಿಸುವವನು ಮೂವತ್ತರ ಆಸುಪಾಸಿನವನು, ಮಾತು ಬಲ್ಲವನು. ಎಲ್ಲರೂ ಅವನನ್ನು ಮೆಂಟರ್ ಎನ್ನುತ್ತಿದ್ದರು. ಕೊನೆಯಲ್ಲಿ ಒಂದು ಫೀಲ್ಡ್ ಡೇ, ದೆಹಲಿಯ ಹತ್ತಿರ ಎಲ್ಲಾದರೂ ಎಲ್ಲರೂ ಹೋಗಿ ಬರೆದು, ಚಿತ್ರಿಸಿ ಬರುವುದು. ನಿಯಮಗಳಲ್ಲಿ ಸಣ್ಣ ಅಕ್ಷರದಲ್ಲಿ "ಫೀಲ್ಡ್ ಡೇಗೆ ವಾಹನದ ವ್ಯವಸ್ಥೆ ಅಭ್ಯರ್ಥಿಗಳದೇ" ಎಂದಿತ್ತು. ನಾನು ಅದನ್ನು ಓದಿದೆ. ಎಲ್ಲವನ್ನೂ ಮೊದಲೇ ಹೇಳಿದ್ದಾರೆ ಎಂದು ಮೆಚ್ಚಿ ಅದಕ್ಕೂ ಅಂಕ ಕೊಟ್ಟೆ. ಅಲ್ಲಿ ಯಾರಿಗಾದರೂ ಏನಾದರೂ ಆದರೆ ಯಾರು ಹೊಣೆ ಎಂಬ ಅಂಕಣವನ್ನು ನಾನು ಹಾಕಿಯೇ ಇರಲಿಲ್ಲ. ಹತ್ತು ನಿಮಿಷಕ್ಕೆ ಬರುವ ಅತಿಥಿಗೂ ಹೆಲ್ಮೆಟ್ ಕೊಡದೆ ಶಾಪ್‌ಫ್ಲೋರಿಗೆ ಬಿಡದ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು ನಾನು.

"ನೀನು ಹೇಳಿದ ಮೇಲೆ ಸರಿ" ಎಂದು ಅಕ್ಕ ಸೇರಿಕೊಂಡಳು.

ತರಗತಿಗಳು ಕೆಟ್ಟದಾಗೇನೂ ಇರಲಿಲ್ಲ ಎಂದು ಹೇಳಬೇಕು. ಅಕ್ಕ ಊಟದ ಮೇಜಿನ ಮೇಲೆ ಭಾವನ ಹಳೆಯ ಲ್ಯಾಪ್‌ಟಾಪ್ ಇಟ್ಟು, ತಲೆ ಬಾಚಿ, ಸ್ವೆಟರ್ ಬದಲಿಸಿ ಕೂರುತ್ತಿದ್ದಳು. ಆದರೆ ಅವಳ ಬಳೆಯ ಬರಹಕ್ಕೆ ಮೆಂಟರ್ ಬರೆದ ಷರಾ ನನಗೆ ನೆನಪಿದೆ: "ಚೆನ್ನಾಗಿದೆ. ಆದರೆ ಇದರಲ್ಲಿ ರಿಸ್ಕ್ ಎಲ್ಲಿ?" ಅಕ್ಕ ಅದನ್ನು ತೋರಿಸಿ, "ಇನ್ನೊಂದು ಚೂರು ನಿಂತಿದ್ದರೆ ರೈಲು ತಪ್ಪುತ್ತಿತ್ತು, ಅದು ಸಾಲದಂತೆ" ಎಂದಳು. ಮೂರನೆಯ ಪಾಠದಲ್ಲಿ ಅವನು, ಪ್ರಯಾಣದ ವಿಡಿಯೊ ಊರು ತಲುಪಿದ ಮೇಲಲ್ಲ, ಗಾಡಿ ಹತ್ತಿದಾಗಲೇ ಶುರುವಾಗಬೇಕು ಎಂದು ಕಲಿಸಿದ್ದ. ಆ ಪಾಠವನ್ನು ಅಕ್ಕ ಚಾಚೂತಪ್ಪದೆ ಪಾಲಿಸಿದಳು. ಇವತ್ತು ಆ ವಿಡಿಯೊ ಇರುವುದು ಅದರಿಂದ.

ಫೀಲ್ಡ್ ಡೇ ಜನವರಿಯ ಒಂದು ಭಾನುವಾರ. ಗುರುಗ್ರಾಮದಾಚೆ ಚಳಿಗಾಲದ ಹಕ್ಕಿಗಳು ಬಂದಿಳಿಯುವ ಕೆರೆಗೆ ಸೂರ್ಯ ಹುಟ್ಟುವ ಹೊತ್ತಿಗೆ ಮುಟ್ಟಬೇಕು. ಅಕ್ಕನ ಜೊತೆಗೆ ನಾನೂ ಹೊರಟೆ. ವಾಹನ ಗೊತ್ತುಮಾಡಿದ್ದೂ ನಾನೇ, ಕಾಲೋನಿಯ ಬೇವಿನ ಮರದ ಕೆಳಗಿನ ಟ್ಯಾಕ್ಸಿ ಸ್ಟ್ಯಾಂಡಿನಿಂದ.

ಅಲ್ಲಿನ ಹಿರಿಯ ಚಾಲಕರು ಅಕ್ಕನ ಮನೆಗೆ ಹೊಸಬರಲ್ಲ. ಪ್ರತಿ ಎಲ್‌ಟಿಸಿಗೂ, ಊರಿಗೆ ಹೋಗುವಾಗಲೂ ಅಕ್ಕ-ಭಾವನನ್ನು ರೈಲ್ವೆ ಸ್ಟೇಷನ್ನಿಗೆ ಬಿಟ್ಟವರು ಇವರೇ. ಹೇಳಿದ್ದಕ್ಕಿಂತ ಅರ್ಧ ಗಂಟೆ ಮುಂಚೆ ಬಂದು ಹಾರ್ನ್ ಹಾಕುತ್ತಿದ್ದರು. ಭಾವ ಬೈದುಕೊಂಡು ಇಳಿದರೆ, "ಸಾಬ್, ಆಪ್ಕೀ ಗಾಡಿ ಕಭೀ ಛೂಟೀ ಹೈ?" ಎನ್ನುತ್ತಿದ್ದರು. ನಿಮ್ಮ ರೈಲು ಎಂದಾದರೂ ತಪ್ಪಿದೆಯೇ ಎಂದು. ಒಂದು ಸಲವೂ ತಪ್ಪಿರಲಿಲ್ಲ. ಅಕ್ಕನನ್ನು ಬೆಹನ್‌ಜೀ ಎನ್ನುತ್ತಿದ್ದರು. ನಾವು ಭಯ್ಯಾ ಎನ್ನುತ್ತಿದ್ದೆವು.

ಆ ಬೆಳಗ್ಗೆ ಮಾತ್ರ ಅವರು ಹಾರ್ನ್ ಹಾಕಲಿಲ್ಲ, ಮೇಲೆ ಹತ್ತಿ ಬಂದು ಬಾಗಿಲು ತಟ್ಟಿದರು.

"ಬೆಹನ್‌ಜೀ, ಕೋಹ್ರಾ ಬಹುತ್ ಹೈ. ಒಂಬತ್ತಕ್ಕೆ ಹೊರಡೋಣ" ಎಂದು ಹಿಂದಿಯಲ್ಲಿ ಹೇಳಿದರು. ಕೋಹ್ರಾ ಎಂದರೆ ಇಲ್ಲಿನ ಚಳಿಗಾಲದ ಮಂಜು.

ಅಕ್ಕ ನಕ್ಕಳು. ಅವಳು ಕೊಟ್ಟ ಉತ್ತರ ನಮ್ಮ ಕಡೆಯವರು ಮಾತ್ರ ಕೊಡಬಹುದಾದ ಉತ್ತರ. "ಭಯ್ಯಾ, ನಾವು ಮಂಜಿನಲ್ಲೇ ಹುಟ್ಟಿದವರು. ಮಂಜಿಗೆ ಹೆದರಿದರೆ ನಮ್ಮೂರಲ್ಲಿ ಯಾರೂ ಸ್ಕೂಲಿಗೇ ಹೋಗೋಕಾಗ್ತಿರಲಿಲ್ಲ."

ನಾನೂ ನಕ್ಕೆ. ಮಡಿಕೇರಿಯ ಮಂಜು ನಮಗೆ ಗೊತ್ತಿತ್ತು. ಅಲ್ಲಿ ಮಂಜು ಇಳಿದರೆ ಇಡೀ ದಾರಿಯೇ ನಿಧಾನವಾಗುತ್ತದೆ. ತಿರುವಿನಲ್ಲಿ ಬಸ್ಸು ಹಾರ್ನ್ ಹಾಕುತ್ತದೆ, ಎದುರಿನಿಂದ ಉತ್ತರದ ಹಾರ್ನ್ ಬರುತ್ತದೆ, ಇಬ್ಬರೂ ತೆವಳುತ್ತಾರೆ. ಅಂಥ ಮಂಜಿನಲ್ಲಿ ನಾವು ಕೊಡೆ ಬೀಸುತ್ತಾ ರಸ್ತೆ ನಡುವೆ ನಡೆದವರು. ದೆಹಲಿಯಲ್ಲಿ ಇಷ್ಟು ವರ್ಷವಿದ್ದೂ ನಾವು ಈ ಮಂಜನ್ನು ಕಂಡದ್ದು ಬಾಲ್ಕನಿಯಿಂದ, ಆಫೀಸ್ ಬಸ್ಸಿನ ಕಿಟಕಿಯಿಂದ. ಎಕ್ಸ್‌ಪ್ರೆಸ್‌ವೇ ಮೇಲೆ ಕಾಲಿಟ್ಟು ಕಂಡಿರಲಿಲ್ಲ. ಅಲ್ಲಿ ದಾರಿ ನೇರ. ಮುಂದೆ ಖಾಲಿ ಇದೆ ಎಂದು ನಂಬಿಕೊಂಡೇ ಎಲ್ಲರೂ ಅದೇ ವೇಗದಲ್ಲಿ ಓಡುತ್ತಾರೆ. ಆ ಮಂಜಿಗೆ ಒದ್ದೆ ಎಲೆಯ ವಾಸನೆಯೂ ಇಲ್ಲ. ಅದಕ್ಕಿರುವುದು ಸುಟ್ಟ ರಬ್ಬರಿನ ವಾಸನೆ.

ಭಯ್ಯಾ ಕೆಳಗಿಳಿದು ಗಾಡಿ ತೆಗೆದರು. ನಿಧಾನವಾಗಿ, ಎಡಗಡೆಯಲ್ಲೇ ಓಡಿಸಿದರು. ಅಕ್ಕ ಮುಂದೆ ಕೂತು, ಹೊರಟಾಗಿನಿಂದಲೇ ಆಗಾಗ ತುಂಡು ತುಂಡಾಗಿ ವಿಡಿಯೊ ಮಾಡತೊಡಗಿದಳು. ನಾನು ಹಿಂದೆ, ಮಡಿಲಲ್ಲಿ ಇಡ್ಲಿಯ ಸ್ಟೀಲ್ ಡಬ್ಬಿ. ನನ್ನ ಫೋನಿನಲ್ಲಿ ತಂಡದವರೆಲ್ಲ ಸೇರಿದ ಕರೆ ನಡೆಯುತ್ತಿತ್ತು. ಮೆಂಟರ್‌ನ ಕಾರು, ಇನ್ನೆರಡು ಕಾರು ನಮಗಿಂತ ಸ್ವಲ್ಪ ಮುಂದೆ ಇದ್ದವು.

ಸೂರ್ಯ ಹುಟ್ಟಿದ್ದು ಕಾಣಲಿಲ್ಲ. ಮಂಜಿನೊಳಗೆ ಎಲ್ಲಿಂದಲೋ ಕಿತ್ತಳೆ ಬಣ್ಣ ಸೋರಿತು. ಆಗ ಸ್ಪೀಕರಿನಲ್ಲಿ ಮೆಂಟರ್‌ನ ದನಿ ಬಂತು.

"ಗೈಸ್, ಗಾಡಿ ಸೈಡ್ ಮೇ ಲಗಾವೋ. ಯೇ ಲೈಟ್ ಫಿರ್ ನಹೀ ಮಿಲೇಗೀ. ದೋ ಮಿನಟ್."

ಗಾಡಿ ಪಕ್ಕಕ್ಕೆ ಹಾಕಿ, ಈ ಬೆಳಕು ಮತ್ತೆ ಸಿಗುವುದಿಲ್ಲ, ಎರಡೇ ನಿಮಿಷ. ಭಯ್ಯಾ ತಲೆ ಅಲ್ಲಾಡಿಸಿದರು. "ನಹೀ ಬೆಹನ್‌ಜೀ. ಇಲ್ಲಿ ನಿಲ್ಲಿಸೋ ಹಾಗಿಲ್ಲ. ಹಿಂದಿನವನಿಗೆ ನಾವು ಕಾಣೋದೇ ಇಲ್ಲ."

ಅಕ್ಕ ಏನೂ ಹೇಳಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ವಿಡಿಯೊದಲ್ಲೂ ಇದೆ. ಅವಳು ಫೋನ್ ಹಿಡಿದು ಆ ಬಣ್ಣವನ್ನೇ ನೋಡುತ್ತಿದ್ದಳು. ಅವಳ ಕೆನ್ನೆ ನನಗೆ ಹಿಂದಿನಿಂದ ಕಾಣುತ್ತಿತ್ತು. ಅವಳಿಗೆ ಇಳಿಯುವ ಆಸೆಯಿದೆ, ಕೇಳಲು ಸಂಕೋಚ ಎಂದು ನಾನೇ ಅಂದುಕೊಂಡೆ. ಮಾಲು ಕೊಡಲು ತಡಮಾಡುವವರನ್ನು ಒಪ್ಪಿಸಲು ಬಳಸಿ ಬಳಸಿ ನನಗೆ ಒಂದು ದನಿ ಬಂದಿದೆ. ಮೆತ್ತಗಿರುತ್ತದೆ, ಆದರೆ ಅದಕ್ಕೆ ಇಲ್ಲ ಎನ್ನಲು ಯಾರಿಗೂ ಆಗುವುದಿಲ್ಲ.

"ದೋ ಮಿನಟ್ ಭಯ್ಯಾ. ಕುಛ್ ನಹೀ ಹೋತಾ."

ಏನೂ ಆಗುವುದಿಲ್ಲ ಎಂದೆ. ಗಾಡಿ ಗೊತ್ತುಮಾಡಿದವಳು ನಾನು. ಅವರು ನಿಲ್ಲಿಸಿದರು.

ನಿಲ್ಲಿಸಿದ ಮೇಲೆ ಅವರು ಮಾಡಿದ್ದನ್ನು ಬೇರೆ ಯಾವ ಕಾರಿನವರೂ ಮಾಡಲಿಲ್ಲ. ಎರಡೂ ಕಡೆಯ ದೀಪ ಮಿಣುಕಿಸಿದರು. ಗಾಜು ಒರೆಸುವ ಹಳದಿ ಬಟ್ಟೆ ತೆಗೆದುಕೊಂಡು ಇಳಿದು, ಬರುವ ಗಾಡಿಗಳಿಗೆ ಬೀಸಲು ಹಿಂದಕ್ಕೆ ನಡೆದರು. ಮಂಜಿನಲ್ಲಿ ಮೊದಲು ಅವರು ಮರೆಯಾದರು, ಆಮೇಲೆ ಬಟ್ಟೆ. ಅಕ್ಕ ರಸ್ತೆಯಂಚಿನ ಕಬ್ಬಿಣದ ತಡೆಯ ಹತ್ತಿರ ಹೋಗಿ ನಿಂತಳು. ನಾನು ಸೀಟಿನಲ್ಲೇ ಇದ್ದೆ, ಚಳಿ.

"ಬಾರೇ ಇಲ್ಲಿ, ನೋಡು" ಎಂದಳು. ನಾನು ಡಬ್ಬಿಯನ್ನು ಸೀಟಿನ ಮೇಲಿಟ್ಟು ಇಳಿದು ಅವಳ ಪಕ್ಕಕ್ಕೆ ಹೋದೆ.

ಐದು ಹೆಜ್ಜೆ. ಆಮೇಲೆ ಎಷ್ಟೋ ಸಲ ಮನೆಯ ಹಜಾರದಲ್ಲಿ ನಡೆದು ಎಣಿಸಿದ್ದೇನೆ.

ಬ್ರೇಕಿನ ಸದ್ದು ಕೇಳಲಿಲ್ಲ. ಮಂಜಿನ ಒಂದು ಭಾಗ ಕಪ್ಪಾಯಿತು, ಆ ಕಪ್ಪಿಗೆ ಎತ್ತರ ಬಂತು, ಅದು ಲಾರಿಯಾಯಿತು. ಅದು ನಮ್ಮ ಟ್ಯಾಕ್ಸಿಯನ್ನು ತಪ್ಪಿಸಲು ನೋಡಿ ಹಿಂಬದಿಯ ಮೂಲೆಗೆ ಬಡಿದು, ಕಾಗದ ಮಡಿಸಿದಂತೆ ಹಿಂದಿನ ಸೀಟನ್ನು ಮಡಿಸಿ, ನಿಲ್ಲದೆ ಮತ್ತೆ ಮಂಜಿನೊಳಕ್ಕೆ ಹೋಯಿತು. ಅಕ್ಕನ ಕೈಯಿಂದ ಫೋನ್ ಜಾರಿತು. ವಿಡಿಯೊದ ಕೊನೆಯ ಭಾಗದಲ್ಲಿ ಬರೀ ಆಕಾಶ. ಡಬ್ಬಿಯ ಮುಚ್ಚಳ ಎಲ್ಲೋ ರಸ್ತೆಯ ಮೇಲೆ ಉರುಳುತ್ತಾ, ಸುತ್ತುತ್ತಾ, ನಿಲ್ಲುವ ಮುಂಚೆ ಇನ್ನೂ ಬೇಗ ಬೇಗ ಬಡಿದುಕೊಳ್ಳುತ್ತದೆ. ಅದು ನಿಂತ ಮೇಲೆ ಭಯ್ಯಾನ ಕೂಗು ಕೇಳುತ್ತದೆ.

ಲಾರಿ ಮೊದಲು ಅವರಿಗೇ ತಗುಲಿ ಬಂದಿತ್ತು. ಆದರೂ ಅವರು ಬದುಕಿದರು. ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಹಳದಿ ಬಟ್ಟೆ ಕೈಯಲ್ಲೇ ಇತ್ತು.

ಮುಂದಿದ್ದ ಮೂರು ಕಾರುಗಳು? ಕೈಯಲ್ಲಿದ್ದ ನನ್ನ ಫೋನಿನಲ್ಲಿ ಕರೆ ಇನ್ನೂ ನಡೆಯುತ್ತಿತ್ತು, ಕೂಗಿದೆ. ಮೆಂಟರ್, "ಎಲ್ಲರೂ ಮೊದಲು ಅಲ್ಲಿಂದ ಹೊರಡಿ, ಮುಂದಿನ ಎಕ್ಸಿಟ್ಟಿನಲ್ಲಿ ಸೇರೋಣ" ಎಂದ. ಅವರು ಹೊರಟರು. ನಮಗೆ ಹೊರಡಲು ಗಾಡಿ ಇರಲಿಲ್ಲ. ನಾವಿಬ್ಬರೂ ಭಯ್ಯಾನ ಕಂಕುಳಿಗೆ ಕೈಕೊಟ್ಟು ತಡೆಯಾಚೆ ಎಳೆದುಕೊಂಡೆವು. ಆಂಬುಲೆನ್ಸ್ ಬರುವವರೆಗೆ ಅಕ್ಕ ತನ್ನ ಶಾಲನ್ನು ಅವರಿಗೆ ಹೊದಿಸಿ, ಮಂಜಿನಲ್ಲಿ ಹೋಗುವ ಪ್ರತಿ ಗಾಡಿಯ ಸದ್ದಿಗೂ ಅವರ ತಲೆಯ ಮೇಲೆ ಕೈಯಿಟ್ಟಳು.

ಸಂಜೆ ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ ಬಂತು. ನಮ್ಮವರೆಲ್ಲ ಕ್ಷೇಮ. ಇವತ್ತಿನದನ್ನು ಯಾರೂ ಪೋಸ್ಟ್ ಮಾಡಬೇಡಿ. ತಪ್ಪಿಹೋದ ತರಗತಿಯ ರೆಕಾರ್ಡಿಂಗ್ ಈ ಕೊಂಡಿಯಲ್ಲಿದೆ. ಕೆಳಗೆ ಒಂಬತ್ತು ಜನರ ಕೈಮುಗಿದ ಚಿತ್ರಗಳು.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದಾಗ ಭಯ್ಯಾ ವಿಷಯ ಹೇಳಿದರು. ನಾವು ಆಂಬುಲೆನ್ಸಿನಲ್ಲಿ ಹೋದ ಮೇಲೆ ಸ್ಥಳಕ್ಕೆ ಬಂದ ಪೊಲೀಸರು ಬರೆದುಕೊಂಡಿದ್ದು ಇಷ್ಟು: ಟ್ಯಾಕ್ಸಿ ಚಾಲಕ ಕಾರಣವಿಲ್ಲದೆ ಎಕ್ಸ್‌ಪ್ರೆಸ್‌ವೇಯಲ್ಲಿ ಗಾಡಿ ನಿಲ್ಲಿಸಿದ್ದ. ಲಾರಿ ಸಿಕ್ಕಿಲ್ಲ. ಮೆಂಟರ್‌ನನ್ನು ಕೇಳಿದ್ದಕ್ಕೆ, ಆ ಟ್ಯಾಕ್ಸಿಗೂ ತನಗೂ ಸಂಬಂಧವಿಲ್ಲ, ಅದು ತಾನಾಗಿ ನಿಂತಿತು ಎಂದನಂತೆ. ಹೀಗೇ ಉಳಿದರೆ ತಪ್ಪು ತನ್ನದೇ ಆಗುತ್ತದೆ, ಲೈಸೆನ್ಸ್ ಹೋಗುತ್ತದೆ ಎಂದರು.

"ನಾನು ಬೇಡ ಅಂದಿದ್ದೆ ಅಲ್ವಾ, ಬೆಹನ್‌ಜೀ? ಅಷ್ಟನ್ನ ಹೇಳಿಬಿಡಿ" ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಕಡೆ ನೋಡಲಿಲ್ಲ. ನೋಡಿ ದೂರಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮನೆಗೆ ಬಂದ ಮೇಲೆ ಮಾತು ಶುರುವಾಯಿತು. ಭಾವ ಕೆಟ್ಟವರಲ್ಲ, ಮೂವತ್ತು ವರ್ಷ ಫೈಲು ನೋಡಿದವರು. "ನಿವೃತ್ತಿಗೆ ಮುಂಚೆ ವಿಜಿಲೆನ್ಸ್ ಕ್ಲಿಯರೆನ್ಸ್ ಆಗಬೇಕು, ನನ್ನ ಮೇಲೆ ಯಾವ ತಕರಾರೂ ಇಲ್ಲ ಅಂತ. ಪೊಲೀಸ್ ಕೇಸು, ಕೋರ್ಟು, ಹರಿಯಾಣಕ್ಕೆ ಓಡಾಟ. ಯಾರು ಓಡಾಡ್ತಾರೆ?" ಎಂದರು.

"ನಾನು" ಎಂದಳು ಅಕ್ಕ.

"ವಿಡಿಯೊದಲ್ಲಿ ಇವಳ ದನಿ ಇದೆ" ಎಂದು ಭಾವ ಗಲ್ಲ ಎತ್ತಿ ನನ್ನ ಕಡೆ ತೋರಿಸಿದರು. "ನಾಳೆ ನಿಲ್ಲಿಸು ಅಂದವಳು ಇವಳೇ ಅಂತ ಕೂರಿಸಿಕೊಂಡರೆ?"

ಅಕ್ಕ ನನ್ನನ್ನು ನೋಡಿದಳು. ನಾನು ಚಪಾತಿ ಹರಿಯುತ್ತಿದ್ದೆ. ನನ್ನ ಕಾರ್ಖಾನೆ, ನನ್ನ ಹೆಸರು, ಮೇಲಿನವರಿಗೆ ಗೊತ್ತಾದರೆ ಏನು ಅನ್ನುತ್ತಾರೆ, ಎಲ್ಲ ಮನಸ್ಸಿನಲ್ಲಿ ಓಡುತ್ತಿತ್ತು. "ವಕೀಲರನ್ನ ಒಂದು ಮಾತು ಕೇಳೋಣ" ಎಂದೆ. ಮರುದಿನ ಇನ್ನೊಂದು ನೆಪ ಹೇಳಿದೆ. ಹೀಗೆ ಒಂಬತ್ತು ದಿನ.

ಅದರ ನಡುವೆ ಒಂದು ಮಧ್ಯಾಹ್ನ ಮೆಂಟರ್ ಅಕ್ಕನಿಗೆ ಫೋನ್ ಮಾಡಿದ. ಅಕ್ಕ ಸ್ಪೀಕರಿಗೆ ಹಾಕಿದಳು. ಮ್ಯಾಮ್ ಹೇಗಿದ್ದೀರಿ, ನಿಮಗೆ ಒಳ್ಳೆಯ ಕಣ್ಣಿದೆ, ನಿಮ್ಮ ಬರಹವನ್ನು ನಮ್ಮ ಪುಟದ ಮೊದಲಿಗೇ ಹಾಕಬೇಕು ಅಂತಿದ್ದೇವೆ ಎಂದ. ಆಮೇಲೆ ವಿಡಿಯೊ ಮಾತು ಬಂತು.

"ಮ್ಯಾಮ್, ಕಥೆಯಲ್ಲಿ ಎಲ್ಲವನ್ನೂ ಹೇಳಲೇಬೇಕು ಅಂತಿಲ್ಲ. ಅದೇ ಅಲ್ವಾ ಎಡಿಟಿಂಗ್ ಅಂದರೆ?"

"ಅಚ್ಛಾ" ಎಂದಳು ಅಕ್ಕ. "ಅದು ಎಷ್ಟನೇ ಪಾಠ ಬೇಟಾ? ನಾನು ತಪ್ಪಿಸಿಕೊಂಡೆ ಅನ್ಸುತ್ತೆ."

ಅವನು ಫೋನ್ ಇಟ್ಟ. ಅಕ್ಕನನ್ನು ಸಂಜೆಯೊಳಗೆ ಗುಂಪಿನಿಂದ ತೆಗೆದುಹಾಕಿದ್ದರು. ನಾಲ್ಕು ಜನ ಓದಬೇಕೆಂದಿದ್ದವಳಿಗೆ ಅವನ ಪುಟದ ಮೊದಲ ಜಾಗ ಕೈಗೆ ಬಂದು ಹೋಗಿತ್ತು. ಅವಳು ಎದ್ದು ಹಾಲು ಕಾಯಿಸಲು ಹೋದಳು.

ಹತ್ತನೆಯ ದಿನ ಅವಳು ನನಗೆ ಆಫೀಸಿಗೆ ಫೋನ್ ಮಾಡಿ, ಪೊಲೀಸ್ ಚೌಕಿಗೆ ಹೋಗುತ್ತಿದ್ದೇನೆ, ಮಾನೇಸರ್ ನಿನಗೆ ಹತ್ತಿರವಲ್ಲವೇ, ಬಂದರೆ ಬಾ ಎಂದಳು. ಬಂದರೆ ಬಾ. ನಾನು ಅರ್ಧ ದಿನದ ರಜೆ ಹಾಕಿ ಹೋದೆ. ಅಲ್ಲಿ ಭಾವ ಆಗಲೇ ಕೂತಿದ್ದರು. ಆಫೀಸಿನ ಸ್ವೆಟರ್, ಮಡಿಲಲ್ಲಿ ಪ್ಲಾಸ್ಟಿಕ್ ಫೋಲ್ಡರ್. ಆಧಾರ್, ಮನೆ ವಿಳಾಸ, ಟ್ಯಾಕ್ಸಿ ಸ್ಟ್ಯಾಂಡಿನ ಹಳೆಯ ರಸೀದಿಗಳು, ಎಲ್ಲದರದ್ದೂ ಮೂರು ಜೆರಾಕ್ಸ್.

"ನಮ್ಮ ರೈಲು ಒಂದು ಸಲವೂ ತಪ್ಪಿಸಿಲ್ಲ ಅವನು" ಎಂದರು, ನಾನು ಏನೂ ಕೇಳದೆಯೇ.

ಮೇಜಿನಾಚೆ ಒಬ್ಬ ಹೆಡ್ ಕಾನ್‌ಸ್ಟೇಬಲ್. ವಿಡಿಯೊದ ಪ್ರತಿ ತೆಗೆದುಕೊಂಡು, ಅಕ್ಕನಿಗೆ ಬಿಳಿ ಹಾಳೆ ಕೊಟ್ಟು ನಡೆದದ್ದನ್ನು ಬರೆಯಿರಿ ಎಂದರು. ಅಕ್ಕ ಹಿಂದಿಯಲ್ಲಿ ಬರೆಯತೊಡಗಿದಳು. ಅರ್ಧ ಹಾಳೆಯಾದ ಮೇಲೆ ಅವರು ಅದನ್ನು ತಿರುಗಿಸಿ ಓದಿ, ಕಿತ್ತಳೆ ಬಣ್ಣದ ಬೆಳಕಿನ ವಾಕ್ಯದ ಮೇಲೆ ಪೆನ್ ಇಟ್ಟರು.

"ಮೇಡಂ, ಕೋಹ್ರೇ ಕಾ ವರ್ಣನ್ ನಹೀ ಚಾಹಿಯೇ. ಯಾರು ಏನು ಅಂದರು, ಯಾರು ಏನು ಮಾಡಿದರು, ಅಷ್ಟೇ ಬರೆಯಿರಿ."

ಅಕ್ಕ ಹೊಸ ಹಾಳೆ ಕೇಳಿದಳು. ಈ ಸಲ ತಲೆಯೆತ್ತದೆ ಬರೆದಳು. ಅವಳ ಡೈರಿಯ ವಾಕ್ಯಗಳು ಹಾಗೇ ಇರುತ್ತಿದ್ದವು, ಸಣ್ಣವು, ಒಂದಾದ ಮೇಲೊಂದು. ಬರೆದು ಮುಗಿಸಿ ಸಹಿ ಹಾಕುವ ಮುಂಚೆ ಹಾಳೆಯನ್ನು ನನ್ನ ಕಡೆ ತಳ್ಳಿದಳು. ಪ್ರಕಟಿಸುವ ಮುಂಚೆ ಒಬ್ಬರಿಗೆ ಓದಿಸಿ ಎಂದು ಕೋರ್ಸಿನಲ್ಲಿ ಕಲಿಸಿದ್ದರು.

ಓದಿದೆ. ಗಾಡಿ ನಿಲ್ಲಿಸಿ ಎಂದು ತರಗತಿಯ ಮೆಂಟರ್ ಫೋನಿನಲ್ಲಿ ಹೇಳಿದ. ಚಾಲಕರು ಬೇಡವೆಂದರು. ನನ್ನ ತಂಗಿ ಎರಡು ನಿಮಿಷ ನಿಲ್ಲಿಸಿ, ಏನೂ ಆಗುವುದಿಲ್ಲ ಎಂದಳು. ನಾನು ಸುಮ್ಮನಿದ್ದೆ. ಚಾಲಕರು ನಿಲ್ಲಿಸಿದರು, ದೀಪ ಹಾಕಿದರು, ಬಟ್ಟೆ ಬೀಸಲು ಹಿಂದಕ್ಕೆ ನಡೆದರು.

"ಇರಲಾ, ಅಥವಾ ಆ ಒಂದು ಸಾಲು ತೆಗೀಲಾ?" ಎಂದಳು ಕನ್ನಡದಲ್ಲಿ. ದನಿಯಲ್ಲಿ ಸಿಟ್ಟಿರಲಿಲ್ಲ. ತೆಗಿ ಎಂದಿದ್ದರೆ ತೆಗೆಯುತ್ತಿದ್ದಳು, ಅದು ನನಗೆ ಗೊತ್ತು. ಕಾನ್‌ಸ್ಟೇಬಲ್ ಚಹಾ ಕುಡಿದು ಮುಗಿಸುವವರೆಗೆ ನಾನು ಆ ಸಾಲನ್ನೇ ನೋಡುತ್ತಿದ್ದೆ.

"ಇರಲಿ" ಎಂದೆ.

ಅವಳು ಸಹಿ ಹಾಕಿದಳು. ಅದರ ಕೆಳಗೆ ನಾನೂ ಹಾಕಿದೆ.

ಭಯ್ಯಾನ ಲೈಸೆನ್ಸ್ ಉಳಿಯಿತು. ಅದು ಅವರ ಅಂಗಿಯ ಜೇಬಿನಲ್ಲೇ ಇರುತ್ತದೆ, ಆದರೆ ಬ್ರೇಕ್ ಒತ್ತುವಷ್ಟು ಬಲ ಆ ಬಲಗಾಲಿಗೆ ಮತ್ತೆ ಬರುತ್ತದೆಯೇ ಎಂದು ಡಾಕ್ಟರು ಹೇಳುತ್ತಿಲ್ಲ. ಈಗ ಬೇವಿನ ಮರದ ಕೆಳಗೆ ಮಂಚದ ಮೇಲೆ ಕೂತು ಸ್ಟ್ಯಾಂಡಿನ ಫೋನ್ ಎತ್ತುತ್ತಾರೆ. ನನಗೆ ಆದದ್ದು ಇಷ್ಟೇ: ಒಂದು ಮಧ್ಯಾಹ್ನದ ವಿಚಾರಣೆ, ಅಲ್ಲಿ ಒಂದು ಲೋಟ ನೀರು. ಮೆಂಟರ್‌ನನ್ನೂ ಕರೆದು ಕೇಳಿ ಕಳಿಸಿದರಂತೆ. ಮುಂದಿನ ತಂಡದ ಜಾಹೀರಾತು ನನ್ನ ಫೋನಿನಲ್ಲಿ ಬರುತ್ತಲೇ ಇದೆ, ನಾನು ಅಷ್ಟೊಂದು ಹುಡುಕಿದ್ದೆನಲ್ಲ. ಅದರಲ್ಲಿ ಫೀಲ್ಡ್ ಡೇಯ ಚಿತ್ರವಿದೆ. ಮಂಜು, ಕಿತ್ತಳೆ ಬೆಳಕು, ನಗುತ್ತಿರುವ ಐದು ಜನ. ಯಾವುದೋ ಮುಂದಿನ ಕಾರಿನವರು ತೆಗೆದದ್ದು. ಟ್ಯಾಕ್ಸಿ ಅದರಲ್ಲಿ ಇಲ್ಲ.

ಅಕ್ಕ ಅಂದಿನಿಂದ ಬರೆದಿಲ್ಲ. ಅವಳ ಬರಹವನ್ನು ಮನೆ, ತರಗತಿಗಳಾಚೆ ಓದಿದ ಮೊದಲಿಗರು ಆ ಕಾನ್‌ಸ್ಟೇಬಲ್. ಭಾವನ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿವೆ, ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಬರತೊಡಗಿವೆ. ಹೋದ ಭಾನುವಾರ ನಾನು ಊಟವಾದ ಮೇಲೆ ಹೌಜ್ ಖಾಸ್‌ನ ಆ ವಯಸ್ಸಾದವರ ಪುಟವನ್ನು ತೆರೆದು ಅವಳ ಮುಂದೆ ಹಿಡಿದೆ. ಅಕ್ಷರಗಳು ಈಗಲೂ ಒಂದರ ಮೇಲೊಂದು ಕೂತಿದ್ದವು. ನಿಮ್ಮ ಬೀದಿಯ ಬಗ್ಗೆ ಒಂದು ಪುಟ ಬರೆಯಿರಿ.

"ಇದಕ್ಕೆ ಸೇರಿಸ್ತೀನಿ ಅಕ್ಕ. ಈಗಲೂ ಸೇರಬಹುದಂತೆ, ಕೇಳಿದೆ."

ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಫೋನನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ನೀನು ಆರಿಸಬೇಡ" ಎಂದಳು. ಆಮೇಲೆ ಡೈರಿಗಳಿದ್ದ ಪೆಟ್ಟಿಗೆಗೆ ಟೇಪ್ ಹಚ್ಚಲು ಒಂದು ಕಡೆ ಹಿಡಿದುಕೋ ಎಂದಳು. ಹಿಡಿದುಕೊಂಡೆ.